ಪ್ರಕಾರವಿಲ್ಲದ ಬೀಳ್ಕೊಡುಗೆ: ಸೈನಿಕ ತರಬೇತಿಗೆ ಹೊರಟ ಮಕ್ಕಳು ಮತ್ತು ಕನ್ನಡ ಜನಪದ ಅಭಿವ್ಯಕ್ತಿ

ಕನ್ನಡ ಜನಪದ ಗೀತೆಗಳ ಅಧ್ಯಯನದಲ್ಲಿ ಅಗಲಿಕೆ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವವಳು ಗಂಡನ ಮನೆಗೆ ಹೊರಟ ಮಗಳು. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದಿಂದ ಮೊದಲ್ಗೊಂಡು ಇಂದಿನವರೆಗೆ ಅಚ್ಚಾಗಿರುವ ತ್ರಿಪದಿ ಸಂಗ್ರಹಗಳಲ್ಲಿ ತವರು ಮತ್ತು ತವರನ್ನು ತೊರೆಯುವ ಸಂಕಟ ಪಡೆದಿರುವಷ್ಟು ಸ್ಥಾನವನ್ನು ಬೇರಾವ ಭಾವವೂ ಪಡೆದಿರುವಂತೆ ಕಾಣುವುದಿಲ್ಲ. ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಅದರದೇ ಆದ ಹಾಡುಗಳಿವೆ, ಹಾಡುವ ಹೊತ್ತು ಗೊತ್ತಿದೆ, ಯಾರು ಯಾರಿಗೆ ಹಾಡಬೇಕೆಂಬ ಕಟ್ಟಳೆಯಿದೆ. ತಾಯಿ ಅಳಬೇಕಾದ ಘಳಿಗೆ ಯಾವುದೆಂಬುದನ್ನೂ ಪರಂಪರೆ ನಿಗದಿಪಡಿಸಿದೆ. ಮಗಳನ್ನು ಕಳಿಸುವಾಗ ಕಣ್ಣೀರು ಬಾರದ ತಾಯಿಯನ್ನು ನೆರೆಯವರು ಆಡಿಕೊಳ್ಳುತ್ತಾರೆ.

ಮಗನು ಮನೆ ಬಿಟ್ಟು ಹೊರಟಾಗ ಏನಾಗುತ್ತದೆ? ಅದರಲ್ಲಿಯೂ ಅವನು ದಂಡಿಗೆ ಸೇರಲು, ಇಂದಿನ ಮಾತಿನಲ್ಲಿ ಹೇಳುವುದಾದರೆ ಮಿಲಿಟರಿ ಟ್ರೈನಿಂಗಿಗೆ ಹೊರಟಾಗ ತಂದೆತಾಯಿಗಳ ಮನಸ್ಸಿನಲ್ಲಿ ನಡೆಯುವುದನ್ನು ಹೇಳಲು ಕನ್ನಡದ ಜನಪದ ಪರಂಪರೆ ಯಾವ ನುಡಿಯನ್ನು ಒದಗಿಸಿದೆ? ಪ್ರಸ್ತುತ ಲೇಖನ ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಇದನ್ನು ಎತ್ತಿಕೊಳ್ಳಲು ಹದಿನೈದು ವರ್ಷಕ್ಕೂ ಹೆಚ್ಚು ತಡವಾಗಿದೆ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ಆ ತಡಕ್ಕೆ ಕಾರಣ ನನ್ನದೇ ಒಂದು ತಪ್ಪು.

ಪಿಎಚ್.ಡಿ. ಪದವಿಗಾಗಿ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ, 2007ರ ಬೇಸಗೆಯಲ್ಲಿ, ಬೈಲಹೊಂಗಲ ಸೀಮೆಯ ಒಂದು ಹಳ್ಳಿಯಲ್ಲಿ ಬೀಸುವ ಪದಗಳನ್ನು ಸಂಗ್ರಹಿಸುತ್ತಿದ್ದೆ. ವಕ್ತೃಗಳಲ್ಲಿ ಐವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳ ಕಿರಿಯ ಮಗ ಮರುದಿನ ನಸುಕಿಗೆ ಬೆಂಗಳೂರಿನ ಸೈನಿಕ ತರಬೇತಿ ಕೇಂದ್ರಕ್ಕೆ ಹೊರಡುವವನಿದ್ದ. ಆಕೆ ರಾತ್ರಿಯೆಲ್ಲ ಬುತ್ತಿಯ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ಒಲೆಯ ಮುಂದೆ ಕುಳಿತೇ ಒಂದು ಹಾಡನ್ನು ಗುನುಗತೊಡಗಿದಾಗ ನಾನು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ. ಅದು ಮಗಳನ್ನು ಅತ್ತೆಯ ಮನೆಗೆ ಒಪ್ಪಿಸಿಕೊಡುವಾಗ ಆ ಸೀಮೆಯಲ್ಲಿ ಹಾಡುವ ಹಾಡು. ಸಾಕಿದ ಕೂಸನ್ನು ಪರರ ಕೈಗೆ ಇಡುತ್ತಿದ್ದೇವೆ, ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂಬ ಆಶಯದ ಹಾಡು. ಇದನ್ನೇಕೆ ಈಗ ಹಾಡುತ್ತೀರಿ, ಇದು ಮದುವೆಯ ಹಾಡಲ್ಲವೇ ಎಂದು ಕೇಳಿದ್ದಕ್ಕೆ ಆಕೆ, “ಹೆಣ್ಣಾದ್ರೇನು, ಗಂಡಾದ್ರೇನು ತಮ್ಮಾ, ಕೂಸು ಮನಿ ಬಿಟ್ಟು ಹೋಗೂದು ಒಂದ ಅಲ್ಲೇನು?” ಎಂದಳು. ನಾನು ಲಿಪ್ಯಂತರದ ಅಂಚಿನಲ್ಲಿ ‘ಸಂದರ್ಭ ತಪ್ಪಿದ ಹಾಡು’ ಎಂದು ಬರೆದೆ. ಪ್ರಬಂಧದ ಅನುಬಂಧದಲ್ಲಿ ಅದು ಮದುವೆಯ ಹಾಡುಗಳ ವಿಭಾಗಕ್ಕೆ ಪಾಠಾಂತರವಾಗಿ ಸೇರಿತು. ಪರೀಕ್ಷಕರು ಯಾರೂ ಆಕ್ಷೇಪಿಸಲಿಲ್ಲ. ಹಾಡು ಹುಟ್ಟಿದ ಸಂದರ್ಭವೇ ಅದರ ಅರ್ಥ ಎಂದು ಅದೇ ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಾನು ಹತ್ತಾರು ಪುಟ ಬರೆದಿದ್ದೆ!

ಈಗ ಯೋಚಿಸಿದರೆ ತಪ್ಪಿದ್ದು ಆಕೆಯ ಸಂದರ್ಭವಲ್ಲ, ನನ್ನ ವರ್ಗೀಕರಣ ಎಂಬುದು ಸ್ಪಷ್ಟವಾಗುತ್ತದೆ. ನಮ್ಮ ಸಂಗ್ರಹಗಳು ಬಹುಮಟ್ಟಿಗೆ ಶಾಸ್ತ್ರ-ಸಂಪ್ರದಾಯಗಳ ಪಟ್ಟಿಯನ್ನು ಅನುಸರಿಸಿ ರೂಪುಗೊಂಡಿವೆ. ತೊಟ್ಟಿಲು, ಜಾವಳ, ಮೈನೆರೆಯುವಿಕೆ, ಮದುವೆ, ಸೀಮಂತ, ಸಾವು ಹೀಗೆ ಆವರ್ತನ ವಿಧಿಗಳ ಕ್ರಮದಲ್ಲಿ ಹಾಡುಗಳನ್ನು ಜೋಡಿಸುತ್ತೇವೆ. ಯಾವ ಘಟನೆಗೆ ವಿಧಿಯಿಲ್ಲವೋ ಅದಕ್ಕೆ ಹಾಡೂ ಇಲ್ಲ ಎಂಬ ಅಘೋಷಿತ ತೀರ್ಮಾನಕ್ಕೆ ಬಂದುಬಿಡುತ್ತೇವೆ. ಮಗನು ಸೈನ್ಯಕ್ಕೆ ಹೊರಡುವುದಕ್ಕೆ ವಿಧಿಯಿಲ್ಲ, ಆದ್ದರಿಂದ ಕಪಾಟಿನಲ್ಲಿ ಅದಕ್ಕೆ ಖಾನೆಯೂ ಇಲ್ಲ. ಆದರೆ ಭಾವವು ವಿಧಿಗಾಗಿ ಕಾಯುವುದಿಲ್ಲ. ತನ್ನದಾದ ಪ್ರಕಾರ ದೊರೆಯದಿದ್ದಾಗ ಅದು ಬೇರೊಂದು ಪ್ರಕಾರವನ್ನು ಕಡ ತರುತ್ತದೆ. ಬೈಲಹೊಂಗಲ ಸೀಮೆಯ ಆ ತಾಯಿ ಮಾಡಿದ್ದು ಇದನ್ನೇ.

ಕಡ ತರಬೇಕಾದ ಒತ್ತಡವಾದರೂ ಏಕೆ ಉಂಟಾಯಿತೆಂಬುದನ್ನು ತಿಳಿಯಲು ನಮ್ಮ ಹಳ್ಳಿಗಳ ಕಣ್ಣೀರಿನ ಕಟ್ಟಳೆಯನ್ನು ಗಮನಿಸಬೇಕು. ಹೊರಟ ಗಂಡುಮಗನ ಮುಂದೆ ಅಳುವುದು ಅಪಶಕುನ. ‘ಹೋಗು’ ಎನ್ನುವುದು ಅಪಶಕುನ, ‘ಹೋಗಿ ಬಾ’ ಎನ್ನಬೇಕು. ಎಲ್ಲಿಗೆ ಎಂದು ಕೇಳಬಾರದು, ಹಿಂದಿನಿಂದ ಕರೆಯಬಾರದು, ಹೊಸ್ತಿಲಲ್ಲಿ ಸೀನಬಾರದು. ಮಗಳ ನಿರ್ಗಮನದಲ್ಲಿ ಕಡ್ಡಾಯವಾದ ಕಣ್ಣೀರು ಮಗನ ನಿರ್ಗಮನದಲ್ಲಿ ನಿಷಿದ್ಧವಾಗಿದೆ. ಹೀಗಾಗಿ ಒಂದೇ ತಾಯಿ, ಒಂದೇ ಹೊಸ್ತಿಲಲ್ಲಿ ನಿಂತು, ಎರಡು ಮಕ್ಕಳನ್ನು ಎರಡು ಬೇರೆ ಮುಖಗಳಿಂದ ಕಳಿಸಬೇಕಾಗುತ್ತದೆ. ನಿಷಿದ್ಧವಾದ ಕಣ್ಣೀರು ಹಿಂದಿನ ರಾತ್ರಿಯ ಒಲೆಯ ಮುಂದೆ, ಹೊಗೆಯ ನೆಪದಲ್ಲಿ ಹರಿಯುತ್ತದೆ. ಇಂಥ ಮನೆಗಳಲ್ಲಿ ಬುತ್ತಿಯ ಪ್ರಮಾಣ ಯಾವಾಗಲೂ ಪ್ರಯಾಣದ ಪ್ರಮಾಣಕ್ಕಿಂತ ಹೆಚ್ಚು. ಒಂದು ಹಗಲಿನ ದಾರಿಗೆ ಹದಿನೈದು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಂಡಿ ಕಟ್ಟಿರುತ್ತಾರೆ. ಕೇಂದ್ರದೊಳಗೆ ಅದನ್ನು ಇಟ್ಟುಕೊಳ್ಳಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ಯಾರೂ ವಿಚಾರಿಸಿರುವುದಿಲ್ಲ.

ಸೈನ್ಯಕ್ಕೂ ಈ ನಾಡಿಗೂ ಸಂಬಂಧ ಹೊಸದಲ್ಲವಷ್ಟೆ. ಹಾಗಿದ್ದೂ ತರಬೇತಿಗೆ ಹೊರಡುವ ಬೀಳ್ಕೊಡುಗೆಗೆ ಏಕೆ ಒಂದು ಪ್ರಕಾರ ಬೆಳೆಯಲಿಲ್ಲ? ಇದಕ್ಕೆ ನನಗೆ ತೋರುವ ಕಾರಣವೊಂದಿದೆ. ಪೂರ್ವಕಾಲದಲ್ಲಿ ಯುದ್ಧಕ್ಕಾಗಿ ಮನೆ ಬಿಡಬೇಕಾಗಿತ್ತೇ ಹೊರತು ತರಬೇತಿಗಾಗಿ ಬಿಡಬೇಕಾಗಿರಲಿಲ್ಲ. ಗರಡಿಮನೆ ಊರೊಳಗೇ ಇತ್ತು. ಹುಡುಗ ನಸುಕಿನಲ್ಲಿ ಗರಡಿಯ ಮಣ್ಣಿಗಿಳಿದು ಹೊತ್ತೇರುವುದರೊಳಗೆ ಮನೆಗೆ ಬಂದು ತಾಯಿಯ ಕೈಯಿಂದ ಹಾಲು ಕುಡಿಯುತ್ತಿದ್ದ. ಮೈಸೂರು ಸೀಮೆಯ ಕಂದಾಚಾರದ ಆಳುಗಳು ತಮ್ಮ ಹೊಲಮನೆಗಳನ್ನು ಬಿಡದೆಯೇ ಚಾಕರಿಯವರಾಗಿದ್ದರು. ತುಳುನಾಡಿನ ಕೋಟಿ-ಚೆನ್ನಯರ ಪಾಡ್ದನದಲ್ಲಿಯೂ ವಿದ್ಯೆ ಕಲಿಯುವುದು ಗರಡಿಯಲ್ಲಿ, ಪರಿಚಿತ ನೆಲದ ಮೇಲೆಯೇ. ತಾಯಿ ದೇಯಿ ಬೈದೆತಿಯಂತೂ ಮಕ್ಕಳು ಕೂಸಾಗಿರುವಾಗಲೇ ತೀರಿಕೊಂಡು ಬೀಳ್ಕೊಡುವ ಪ್ರಮೇಯವೇ ಇಲ್ಲದಂತಾಗುತ್ತದೆ. ಮನೆಯಿಂದ ನೂರಾರು ಹರದಾರಿ ದೂರದಲ್ಲಿ ಗೋಡೆ ಕಟ್ಟಿ, ಅದರೊಳಗೆ ತಿಂಗಳುಗಟ್ಟಲೆ ಹುಡುಗರನ್ನು ಇರಿಸಿಕೊಂಡು ಅವರನ್ನು ಬೇರೆ ಮನುಷ್ಯರನ್ನಾಗಿ ಮಾಡಿ ಕಳಿಸುವ ವ್ಯವಸ್ಥೆ ಆಧುನಿಕ ಸೈನ್ಯದ ಸೃಷ್ಟಿ. ಪರಂಪರೆಯ ಬಳಿ ರಣವೀಳ್ಯವಿತ್ತು, ತರಬೇತಿಯ ವೀಳ್ಯವಿರಲಿಲ್ಲ.

ಕೊಡಗನ್ನು ಇಲ್ಲಿ ಪ್ರತ್ಯೇಕವಾಗಿ ನೋಡಬೇಕು. ಗಂಡು ಕೂಸು ಹುಟ್ಟಿದಾಗ ಆಕಾಶಕ್ಕೆ ಗುಂಡು ಹಾರಿಸಿ, ಔಡಲ ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣಗಳನ್ನು ಅದರ ಕೈಗೆ ತಾಕಿಸುವ ಕೊಡವರ ಸಂಪ್ರದಾಯ ಪ್ರಸಿದ್ಧವಾದುದು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಆ ಜನರ ಹಾಡು-ಪದ್ಧತಿಗಳ ಬಹುದೊಡ್ಡ ಭಂಡಾರ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, ಆಮೇಲೆ ಸೇನಾ ಮುಖ್ಯಸ್ಥರಾದ ತಿಮ್ಮಯ್ಯನವರೂ ಈ ನೆಲದವರು. ಆದರೆ ಬಿಲ್ಲು ಹಿಡಿಸುವ ಶಾಸ್ತ್ರ ಬೀಳ್ಕೊಡುಗೆಯ ಶಾಸ್ತ್ರವಲ್ಲ ಎಂಬುದು ನನ್ನ ಅಭಿಪ್ರಾಯ. ಹದಿನೆಂಟು ವರ್ಷಗಳ ನಂತರ ಬರಬಹುದಾದ ಅಗಲಿಕೆಯನ್ನು ಹುಟ್ಟಿದ ದಿನವೇ ಒಪ್ಪಿಕೊಂಡುಬಿಡುವ ಕ್ರಮ ಅದು. ಬಾಣಂತಿಯ ಕೋಣೆಯಲ್ಲಿ ನಡೆಯುವ ಈ ಒಪ್ಪಂದಕ್ಕೆ ತಾಯಿಯ ಸಮ್ಮತಿಯನ್ನು ಯಾರೂ ಕೇಳುವುದಿಲ್ಲ.

ಯುದ್ಧಕ್ಕೆ ಹೊರಡುವ ಮಗನ ಚಿತ್ರಣಗಳಾದರೋ ನಮ್ಮಲ್ಲಿ ಹೇರಳವಾಗಿವೆ. ಅವುಗಳಲ್ಲಿ ತಂದೆತಾಯಿಗಳ ಪಾಡೇನು ಎಂದು ನೋಡಿದರೆ ನಿರಾಸೆಯೇ ಹೆಚ್ಚು. ನಾಡಿನುದ್ದಕ್ಕೂ ಹರಡಿರುವ ವೀರಗಲ್ಲುಗಳ ಸಾಮಾನ್ಯ ವಿನ್ಯಾಸವನ್ನೇ ತೆಗೆದುಕೊಳ್ಳಬಹುದು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕೊಂಡೊಯ್ಯುವ ದೇವಕನ್ಯೆಯರು, ಮೇಲೆ ಶಿವಸನ್ನಿಧಿ. ಮನೆಯಿಂದ ಹೊರಟ ಘಳಿಗೆಗೆ ಅಲ್ಲಿ ಪಟ್ಟಿಕೆಯಿಲ್ಲ. ಹತ್ತನೆಯ ಶತಮಾನದ ಆತಕೂರಿನ ಕಲ್ಲು ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯನ್ನು ಹೆಸರಿಸಿ ನೆನೆಯುತ್ತದೆ. ಅದರ ಮಾನವೀಯತೆಯನ್ನು ನಾವೆಲ್ಲ ಕೊಂಡಾಡಿದ್ದೇವೆ, ಅದು ಸರಿಯೇ. ಆದರೆ ಅದೇ ನಾಡಿನ ಅಸಂಖ್ಯ ಕಲ್ಲುಗಳಲ್ಲಿ ವೀರನ ತಾಯಿಯ ಹೆಸರನ್ನು ಹುಡುಕಿ ನೋಡಿದವರಿಗೆ ಬೇರೆ ಮಾತು ಹೊಳೆಯುತ್ತದೆ.

ಕಾವ್ಯದಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸುಧನ್ವನ ಪ್ರಸಂಗ ಈ ದೃಷ್ಟಿಯಿಂದ ಬಹಳ ಮುಖ್ಯವಾದುದು. ರಣಕ್ಕೆ ಹೊರಟ ಸುಧನ್ವ ತಾಯಿ, ತಂಗಿ ಕುವಲೆ, ಮಡದಿ ಪ್ರಭಾವತಿ ಈ ಮೂವರಿಂದಲೂ ಬೀಳ್ಕೊಳ್ಳಬೇಕು. ತಾಯಿ ಕುದುರೆಯನ್ನಲ್ಲ, ಹರಿಯನ್ನೇ ಗೆದ್ದು ತಾ ಎಂಬ ಅರ್ಥದ ಮಾತಾಡಿ ಹುರಿದುಂಬಿಸುತ್ತಾಳೆ. ತಡೆಯುವವಳು ಮಡದಿ. ಆ ತಡದಿಂದಾಗಿ ಸುಧನ್ವ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬೀಳುತ್ತಾನೆ, ಬೀಳಿಸುವವನು ತಂದೆ ಹಂಸಧ್ವಜ. ಈ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಾಯಿಗೆ ಹೆಮ್ಮೆಯನ್ನೂ ಹೆಂಡತಿಗೆ ಅಗಲಿಕೆಯನ್ನೂ ತಂದೆಗೆ ಆಜ್ಞೆಯನ್ನೂ ಹಂಚಿಕೊಟ್ಟ ಕವಿ, ತಾಯಿಗೂ ತಂದೆಗೂ ಅಳುಕನ್ನು ಹಂಚಿಕೊಡುವುದಿಲ್ಲ. ವೀರಮಾತೆಯ ಮಾದರಿ ಇಲ್ಲಿ ಪೂರ್ಣರೂಪದಲ್ಲಿದೆ. ಶಾಲೆಯ ಪಾಠಗಳಿಂದ ಹಿಡಿದು 1999ರ ಕಾರ್ಗಿಲ್ ಕದನದ ದಿನಗಳ ಪತ್ರಿಕಾ ಬರಹಗಳವರೆಗೆ ಈ ಮಾದರಿ ನಮ್ಮ ಸಾರ್ವಜನಿಕ ಮಾತನ್ನು ಆಳಿದೆ. ಸೈನಿಕನ ತಾಯಿಯ ಎದುರು ಮೈಕು ಹಿಡಿದವರಿಗೆ ಯಾವ ಉತ್ತರ ಬೇಕೆಂಬುದು ಆಕೆಗೆ ಮೊದಲೇ ತಿಳಿದಿರುತ್ತದೆ. ಆ ಉತ್ತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಒಂದು ಸಿದ್ಧ ಪ್ರಕಾರ, ಹೊರಗಿನವರ ಮುಂದೆ ಹಾಡುವ ಹಾಡು. ಒಲೆಯ ಮುಂದಿನದು ಬೇರೆ.

ಇದಕ್ಕೆ ಪ್ರತಿಯಾಗಿ ನಿಲ್ಲುವವಳು ಯಕ್ಷಗಾನದ ಸುಭದ್ರೆ. ಸಂಸ್ಕೃತ ಭಾರತದ ದ್ರೋಣಪರ್ವದಲ್ಲಿ ಸುಭದ್ರೆಯ ದನಿ ಕೇಳಿಬರುವುದು ಮಗನು ಸತ್ತ ಮೇಲೆ, ಪ್ರಲಾಪವಾಗಿ. ‘ಅಭಿಮನ್ಯು ಕಾಳಗ’ದ ರಂಗಸ್ಥಳದಲ್ಲಿಯಾದರೆ ಅವಳು ಮಗ ಹೊರಡುವ ಮುನ್ನವೇ ಎದುರಿಗೆ ಬಂದು ನಿಲ್ಲುತ್ತಾಳೆ, ತಡೆಯುತ್ತಾಳೆ. ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಗಳ ಬಾಯಲ್ಲಿ ಈ ಭಾಗ ಕಾಳಗಕ್ಕಿಂತ ದೀರ್ಘವಾಗಿ ಬೆಳೆಯುವುದುಂಟು, ಸಭೆಯೂ ಅದಕ್ಕಾಗಿಯೇ ಕಾದಿರುತ್ತದೆ. ಪ್ರದರ್ಶನ ಪರಂಪರೆ ಮೂಲದಲ್ಲಿಲ್ಲದ ದೃಶ್ಯವೊಂದನ್ನು ಬೆಳೆಸಿತೆಂದರೆ ಪ್ರೇಕ್ಷಕ ಸಮುದಾಯಕ್ಕೆ ಅದರ ಅಗತ್ಯವಿತ್ತೆಂದೇ ತಿಳಿಯಬೇಕು.

ಸುಭದ್ರೆಯ ಈ ತಡೆಯನ್ನು ಜನಜನಿತವಾದ ಇನ್ನೊಂದು ಕಥೆಯೊಡನೆ ಸೇರಿಸಿ ಓದಿದಾಗ ಅದರ ಆಳ ಗೋಚರಿಸುತ್ತದೆ. ವ್ಯಾಸಭಾರತದ ಅಭಿಮನ್ಯು ವ್ಯೂಹವನ್ನು ಹೊಗುವುದನ್ನು ತಂದೆ ಕಲಿಸಿದ, ಹೊರಬರುವುದನ್ನು ತಾನರಿಯೆ ಎಂದಷ್ಟೇ ಹೇಳುತ್ತಾನೆ. ನಮ್ಮ ಹಳ್ಳಿಗಳಲ್ಲಿ ಪ್ರಚಲಿತವಿರುವ ಕಥೆಯೇ ಬೇರೆ. ಕೂಸು ಗರ್ಭದಲ್ಲಿದ್ದಾಗ ಚಕ್ರವ್ಯೂಹದ ವಿವರಣೆ ನಡೆಯುತ್ತಿತ್ತು, ಹೊಗುವ ಬಗೆ ಮುಗಿದು ಹೊರಡುವ ಬಗೆ ಬರುವಷ್ಟರಲ್ಲಿ ಸುಭದ್ರೆಗೆ ನಿದ್ದೆ ಹತ್ತಿತು. ಅಂದರೆ ತರಬೇತಿ ಅರ್ಧಕ್ಕೆ ನಿಂತಿತು, ನಿಂತದ್ದು ತಾಯಿಯಿಂದ. ಬಸುರಿಯೊಬ್ಬಳ ಸಹಜ ನಿದ್ದೆಯನ್ನು ಮಗನ ಸಾವಿನ ಕಾರಣವನ್ನಾಗಿ ಮಾಡಿದ ಈ ಕಥೆ ಕ್ರೂರವಾದುದೇ. ಆದರೆ ತಾಯಂದಿರು ಇದನ್ನು ಕ್ರೂರವೆಂದು ತಿರಸ್ಕರಿಸದೆ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ತಾನು ಏನನ್ನೋ ಕಲಿಸಲು ಮರೆತೆ, ಮಗ ಅದಿಲ್ಲದೆಯೇ ಹೊರಟಿದ್ದಾನೆ ಎಂಬ ಅಂಜಿಕೆ ಮಗನನ್ನು ದೂರ ಕಳಿಸುವ ಎಲ್ಲ ತಾಯಂದಿರದೂ ಹೌದು. ಕೇಂದ್ರದಲ್ಲಿ ಬಟ್ಟೆ ಒಗೆದುಕೊಳ್ಳಲು ಬರುತ್ತದೆಯೋ ಇಲ್ಲವೋ, ಜ್ವರ ಬಂದರೆ ಹೇಳಿಕೊಳ್ಳುತ್ತಾನೋ ಇಲ್ಲವೋ ಎಂಬ ಕೊನೆಯ ರಾತ್ರಿಯ ಸಣ್ಣ ಸಣ್ಣ ಪ್ರಶ್ನೆಗಳ ಹಿಂದೆ ಈ ಅಂಜಿಕೆಯೇ ಇದೆ. ಸುಭದ್ರೆ ರಂಗಸ್ಥಳದಲ್ಲಿ ಮಗನನ್ನು ತಡೆಯುವಾಗ, ಪ್ರಸಂಗಕರ್ತ ಬಾಯಿಬಿಟ್ಟು ಹೇಳಲಿ ಬಿಡಲಿ, ಆ ನಿದ್ದೆಯ ಕಥೆ ಸಭಿಕರ ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಇಷ್ಟಾದರೂ ಅಭಿಮನ್ಯು ಹೊರಟದ್ದು ಯುದ್ಧಕ್ಕೆ. ನಮ್ಮ ಸಮಸ್ಯೆಗೆ ನಿಜವಾಗಿ ಸಮೀಪವಾಗಿರುವುದು ರಾಮಾಯಣದ ಬಾಲಕಾಂಡ. ವಿಶ್ವಾಮಿತ್ರ ರಾಮನನ್ನು ಕರೆದೊಯ್ಯುವುದನ್ನು ಯಾಗರಕ್ಷಣೆಯ ಕಥೆಯೆಂದು ನಾವು ಓದುತ್ತ ಬಂದಿದ್ದೇವೆ. ಸರಯೂ ತೀರದಲ್ಲಿ ಬಲಾ-ಅತಿಬಲಾ ವಿದ್ಯೆಗಳ ಉಪದೇಶ, ಆಮೇಲೆ ಅಸ್ತ್ರಗಳ ಪ್ರದಾನ ಇವನ್ನು ಗಮನಿಸಿದರೆ ಅದು ಸೈನಿಕ ತರಬೇತಿಯೇ ಹೌದು. ಮನೆಯಿಂದ ದೂರ, ಅಪರಿಚಿತ ಗುರುವಿನ ಕೈಕೆಳಗೆ, ಹಸಿವು-ಬಳಲಿಕೆಗಳನ್ನು ಗೆಲ್ಲುವ ಪಾಠದಿಂದ ತೊಡಗುವ ತರಬೇತಿ. ಅಲ್ಲಿ ದಶರಥ ಆಡುವ ಮಾತುಗಳು ವಿಚಾರ ಮಾಡತಕ್ಕವು. ಹುಡುಗನಿಗೆ ಇನ್ನೂ ಹದಿನಾರು ತುಂಬಿಲ್ಲ, ರಾಕ್ಷಸರೊಡನೆ ಕಾದುವ ಯೋಗ್ಯತೆ ಅವನಿಗೆ ಬಂದಿಲ್ಲ, ಬೇಕಾದರೆ ಅಕ್ಷೌಹಿಣಿ ಸೇನೆಯೊಡನೆ ನಾನೇ ಬರುತ್ತೇನೆ ಎಂಬುದು ಅವನ ವಾದದ ಸಾರಾಂಶ. ವಯಸ್ಸು, ಅರ್ಹತೆ, ಬದಲಿ ವ್ಯವಸ್ಥೆ! ಮೂರ್ಛೆ ಹೋಗುವಷ್ಟು ದುಃಖಿಯಾದ ತಂದೆ ಬಾಯಿ ತೆರೆದಾಗ ಆಡುವುದು ಕಚೇರಿಯ ಭಾಷೆಯನ್ನು. ತಾಯಿಗಾದರೋ ಕವಿ ಅರ್ಧ ಪಾದವನ್ನಷ್ಟೇ ಕೊಡುತ್ತಾನೆ. ತಾಯಿ ಮಂಗಳವನ್ನು ನೆರವೇರಿಸಿದಳು ಎಂಬುದಿಷ್ಟೇ, ಆ ಸ್ಥಳದಲ್ಲಿ ಅವಳ ಹೆಸರು ಸಹ ಇಲ್ಲ.

ದಶರಥನ ಈ ಭಾಷೆಯನ್ನು ನಾನು ಕ್ಷೇತ್ರದಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೇನಾ ಭರತಿಗಾಗಿ ನಸುಕಿನಲ್ಲಿ ರಸ್ತೆಯ ಮೇಲೆ ಓಡುವ ಹುಡುಗರನ್ನು ಕಾಣದವರಿಲ್ಲ. ಕೈಗಡಿಯಾರ ಹಿಡಿದು 1600 ಮೀಟರ್ ಓಟದ ಕ್ಷಣಗಳನ್ನು ಎಣಿಸುತ್ತ ನಿಂತ ತಂದೆಯರನ್ನೂ ಕಂಡಿದ್ದೇನೆ. ಮಗ ಹೊರಡುವುದರ ಬಗ್ಗೆ ನಿಮಗೇನನ್ನಿಸುತ್ತದೆ ಎಂದು ಅವರನ್ನು ಕೇಳಿದರೆ ಎದೆಯ ಸುತ್ತಳತೆ, ಎತ್ತರದ ಸೆಂಟಿಮೀಟರು, ವಯಸ್ಸಿನ ವರ್ಷ-ತಿಂಗಳು-ದಿನ ಇವುಗಳ ಲೆಕ್ಕ ಸಿಗುತ್ತದೆ. 2022ರ ಜೂನ್ ತಿಂಗಳಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದ ಮೇಲೆ ಈ ಲೆಕ್ಕಕ್ಕೆ ಹೊಸ ಅಂಕಿಗಳು ಸೇರಿವೆ. ತರಬೇತಿಯೂ ಸೇರಿ ನಾಲ್ಕು ವರ್ಷ, ಆಮೇಲೆ ಉಳಿಯುವವರು ಹೆಚ್ಚೆಂದರೆ ನೂರಕ್ಕೆ 25, ಮರಳಿದವನಿಗೆ ಸಿಗುವ ಇಡುಗಂಟು, ಅಷ್ಟರಲ್ಲಿ ಅವನ ವಯಸ್ಸು, ಹೆಣ್ಣು ಕೊಡುವವರ ಪ್ರಶ್ನೆ. ಬಹಳ ದಿನ ನಾನು ಇದನ್ನು ಭಾವದ ಅಭಾವವೆಂದೇ ಗ್ರಹಿಸಿದ್ದೆ. ‘ತಂದೆಯರು ಲೌಕಿಕ ವಿವರಗಳಿಗೆ ಸೀಮಿತರಾಗಿರುತ್ತಾರೆ’ ಎಂಬಂಥ ವಾಕ್ಯಗಳು ನನ್ನ ಟಿಪ್ಪಣಿಗಳಲ್ಲಿವೆ. ಬಾಲಕಾಂಡವನ್ನು ಮತ್ತೊಮ್ಮೆ ಓದಿದ ಮೇಲೆ ಅನಿಸುವುದೇನೆಂದರೆ, ಲೆಕ್ಕವೇ ಅವರ ಹಾಡು. ಕನ್ನಡ ಪರಂಪರೆ ತಾಯಿಗೆ ಕಡ ತರಲು ಮಗಳ ಹಾಡನ್ನಾದರೂ ಇಟ್ಟಿದೆ, ತಂದೆಗೆ ಅದನ್ನೂ ಇಟ್ಟಿಲ್ಲ. ಹಾಡಲಾರದವನು ಎಣಿಸುತ್ತಾನೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲ ಅಗಲಿಕೆಗಳಿಗೂ ಒಂದೊಂದು ಪ್ರಕಾರ ಇರಲೇಬೇಕೇ? ಸೈನ್ಯಕ್ಕೆ ಹೊರಡುವುದೆಂಬುದು ಎಲ್ಲ ಸಂಸ್ಕೃತಿಗಳಲ್ಲಿಯೂ ಪುರುಷರ, ರಾಜ್ಯದ ವ್ಯವಹಾರವಾಗಿರುವುದರಿಂದ ಅದಕ್ಕೆ ಮನೆಯೊಳಗಿನ ಹಾಡು ಹುಟ್ಟದಿರುವುದು ಸಹಜವಲ್ಲವೇ? ಹಾಗೇನೂ ಇಲ್ಲ ಎಂಬುದಕ್ಕೆ ರಷ್ಯಾದ ಉದಾಹರಣೆ ಇದೆ. ಅಲ್ಲಿಯ ಉತ್ತರ ಪ್ರಾಂತ್ಯದ ಶೋಕಗೀತೆಗಳನ್ನು ಸಂಗ್ರಹಿಸಿದ ಬಾರ್ಸೋವ್ ಎಂಬ ವಿದ್ವಾಂಸ 1872ರಲ್ಲಿ ಸಾವಿನ ಹಾಡುಗಳ ಸಂಪುಟವನ್ನು ತಂದ. 1882ರಲ್ಲಿ ಬಂದ ಎರಡನೆಯ ಸಂಪುಟದಲ್ಲಿರುವುದು ಸೈನ್ಯಕ್ಕೆ ಹಿಡಿದೊಯ್ಯಲ್ಪಟ್ಟ ಯುವಕರಿಗಾಗಿ ಮನೆಯವರು ಹಾಡುವ ಗೋಳಿನ ಹಾಡುಗಳು. ಇವುಗಳ ಮುಖ್ಯ ವಕ್ತೃ ಇರಿನಾ ಫೆದೊಸೊವಾ ಎಂಬ, ಓದುಬರಹ ಬಾರದ ಹಳ್ಳಿಯ ಹೆಂಗಸು. ಮದುವೆಗೂ ಸಾವಿಗೂ ಸೈನ್ಯಕ್ಕೆ ಹೊರಡುವುದಕ್ಕೂ ಗೋಳುಹಾಡು ಕಟ್ಟುವುದರಲ್ಲಿ ಅವಳು ಸಮಾನ ನಿಪುಣೆ. 1896ರಲ್ಲಿ ನಿಜ್ನಿ ನೊವ್ಗೊರೊದ್‌ನಲ್ಲಿ ಅವಳ ಹಾಡು ಕೇಳಿದ ಮಾಕ್ಸಿಂ ಗಾರ್ಕಿ ಅದನ್ನು ಮರೆಯದೆ ಬರೆದಿದ್ದಾನೆ. ಗಮನಿಸಬೇಕಾದದ್ದು ವರ್ಗೀಕರಣವನ್ನು. ಮದುಮಗಳು, ಹೆಣ, ಸಿಪಾಯಿ ಈ ಮೂವರನ್ನೂ ಆ ಸಮಾಜ ಒಂದೇ ದನಿಯಲ್ಲಿ ಕಳಿಸಿಕೊಟ್ಟಿತು. ಕಾರಣ ಸ್ಪಷ್ಟವಾಗಿದೆ. 1793ರಿಂದ ಹಲವು ದಶಕಗಳ ಕಾಲ ಅಲ್ಲಿ ಸೈನಿಕ ಸೇವೆಯ ಅವಧಿ 25 ವರ್ಷ. ಹೊರಟವನು ಜೀವಂತವಾಗಿದ್ದರೂ ಮನೆಯ ಮಟ್ಟಿಗೆ ಸತ್ತಂತೆಯೇ.

ನಮ್ಮಲ್ಲಿ ಅಂಥ ಕಡ್ಡಾಯ ಭರತಿ ಇರಲಿಲ್ಲ. ಹುಡುಗ ಇಷ್ಟಪಟ್ಟೇ ಹೋಗುತ್ತಾನೆ, ಸಂಬಳ ಬರುತ್ತದೆ, ರಜೆಗೆ ಬರುತ್ತಾನೆ. ಆದ್ದರಿಂದ ಗೋಳಾಡುವ ಹಕ್ಕು ತಾಯಿಗಿಲ್ಲ ಎಂಬ ಭಾವನೆ ಬೆಳೆದಿರಬೇಕು. ತಾನಾಗಿ ಆರಿಸಿಕೊಂಡ ಅಗಲಿಕೆಗೆ ಅಳುವುದು ಹೇಗೆ? ರಷ್ಯದ ತಾಯಿಗೆ ಶಪಿಸಲು ಒಬ್ಬ ಅಧಿಕಾರಿಯಾದರೂ ಇದ್ದ.

ಆ ದೇಶದ ಒಂದು ವಿವರ ಮಾತ್ರ ನಮ್ಮ ತಾಯಂದಿರಿಗೆ ಕೂಡಲೇ ಅರ್ಥವಾಗುವಂಥದು. ಭರತಿಯಾದವನ ಹಣೆಯ ಮೇಲಿನ ಕೂದಲನ್ನು ಬೋಳಿಸುವುದು ಅಲ್ಲಿಯ ಪದ್ಧತಿಯಾಗಿತ್ತು. ನಮ್ಮ ತರಬೇತಿ ಕೇಂದ್ರಗಳಲ್ಲಿಯೂ ಮೊದಲು ಹೋಗುವುದು ಕೂದಲೇ. ಕೂದಲಿಗೆ ನಮ್ಮ ಸಂಸ್ಕೃತಿಯಲ್ಲಿ ಇರುವ ಸ್ಥಾನ ತಿಳಿದವರಿಗೆ ಇದು ಸಣ್ಣ ಸಂಗತಿಯಲ್ಲ. ಕೂಸಿನ ಮೊದಲ ಕೂದಲನ್ನು ಮನೆದೇವರ ಸನ್ನಿಧಿಯಲ್ಲಿ, ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸುತ್ತಾರೆ. ಅದಕ್ಕೆ ಹಾಡಿದೆ, ಊಟವಿದೆ, ಹೊಸ ಬಟ್ಟೆಯಿದೆ. ಎರಡನೆಯ ಸಲ ಕೂದಲು ಹೋಗುವಾಗ ತಾಯಿ ಹತ್ತಿರವಿರುವುದಿಲ್ಲ. ತರಬೇತಿಯಿಂದ ಮೊದಲು ಬಂದ ಫೋಟೊ ನೋಡಿ, ಮಗ ಸಣ್ಣವನಾದಂತೆ ಕಾಣುತ್ತಾನೆ, ಜಾವಳದ ದಿನ ಕಂಡ ಹಾಗೆ ಎಂದು ಹೇಳಿದ ತಾಯಿಯೊಬ್ಬಳ ಮಾತು ನನ್ನ ಟಿಪ್ಪಣಿಯಲ್ಲಿದೆ. ಎಲ್ಲರೂ ಹುಡುಗ ಗಂಡಸಾದ ಎನ್ನುತ್ತಿರುವಾಗ ಅವಳೊಬ್ಬಳಿಗೆ ಅವನು ಮತ್ತೆ ಕೂಸಾದಂತೆ ಕಂಡಿದ್ದ.

ವಿಧಿಯ ಅಭಾವವನ್ನು ಸೈನ್ಯವೂ ಗುರುತಿಸಿರುವಂತಿದೆ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ತರಬೇತಿ ಮುಗಿದ ದಿನ ಹೊಸ ಅಧಿಕಾರಿಯ ಹೆಗಲಿಗೆ ತಂದೆತಾಯಿಗಳೇ ನಕ್ಷತ್ರಗಳನ್ನು ತೊಡಿಸುತ್ತಾರೆ. ಸಿಪಾಯಿಗಳ ತರಬೇತಿ ಕೇಂದ್ರಗಳಲ್ಲಿಯೂ ಪ್ರಮಾಣವಚನದ ಕವಾಯತಿಗೆ ಮನೆಯವರನ್ನು ಕರೆದು ಗೌರವ ಪದಕ ನೀಡುವ ಕ್ರಮ ಬಂದಿದೆ. ಇವು ನಿಜಕ್ಕೂ ಸೊಗಸಾದ ವಿಧಿಗಳು, ಜಾನಪದ ವಿದ್ವಾಂಸರು ಅಭ್ಯಾಸ ಮಾಡಬೇಕಾದ ನವೀನ ಆಚರಣೆಗಳು. ಆದರೆ ಇವೆಲ್ಲ ತರಬೇತಿಯ ಕೊನೆಯ ದಿನದವು. ಆರಂಭದ ದಿನ ಮನೆಯ ಪಾಲಿಗೇ ಉಳಿದಿದೆ. ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆದುಬಂದಿದೆ. ಅದರ ಆರನೆಯ ತರಗತಿಗೆ ಸೇರುವ ಹುಡುಗನ ವಯಸ್ಸು ಹತ್ತು-ಹನ್ನೊಂದು. ಅಲ್ಲಿಗೆ ಬಿಟ್ಟುಬರುವ ತಂದೆತಾಯಿಗಳ ಮರುಪ್ರಯಾಣದ ಬಗ್ಗೆ ನಮ್ಮಲ್ಲಿ ಒಂದು ಪುಟದಷ್ಟು ಸಾಮಗ್ರಿಯನ್ನೂ ನಾನು ಕಂಡಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಈ ಚಿತ್ರಕ್ಕೆ ಅನಿರೀಕ್ಷಿತ ತಿರುವೊಂದು ಒದಗಿದೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಲ್ಲಿ ಸೇರಿದ ಹೆಣ್ಣುಮಕ್ಕಳ ಪೈಕಿ 17 ಮಂದಿ 2025ರ ಮೇ ತಿಂಗಳಲ್ಲಿ ಉತ್ತೀರ್ಣರಾದರು. ಈಗ ಹೊಸ್ತಿಲು ದಾಟಿ ಸೈನ್ಯಕ್ಕೆ ಹೊರಟವಳು ಮಗಳೇ. ಅವಳಿಗೆ ಯಾವ ಹಾಡು? ಹೆಣ್ಣೊಪ್ಪಿಸುವ ಹಾಡು ಈ ಹೆಣ್ಣಿಗೆ ಒಪ್ಪುವುದಿಲ್ಲ. ಅದರಲ್ಲಿ ತಗ್ಗಿ ನಡೆ, ಎದುರಾಡಬೇಡ, ಹೊಂದಿಕೊಂಡು ಹೋಗು ಎಂಬ ಬುದ್ಧಿವಾದವಿದೆ. ಅಚ್ಚರಿಯೆಂದರೆ ಈ ಬುದ್ಧಿವಾದ ಹೊಸಬ ಸಿಪಾಯಿಗೆ ಅಕ್ಷರಶಃ ಹೊಂದುತ್ತದೆ. ಮೇಲಿನವರ ಮಾತು ಮೀರಬಾರದು, ಬೈದರೂ ಸಹಿಸಬೇಕು, ಎಲ್ಲರಿಗಿಂತ ಮೊದಲು ಏಳಬೇಕು. ಬೈಲಹೊಂಗಲ ಸೀಮೆಯ ಆ ತಾಯಿ ತನ್ನ ಗಂಡುಮಗನಿಗೆ ಅತ್ತೆಮನೆಯ ಹಾಡು ಹಾಡಿದ್ದು ಕೇವಲ ಅಗಲಿಕೆಯ ಸಾಮ್ಯದಿಂದಲ್ಲ ಎಂದು ಈಗ ನನಗೆ ಅನಿಸುತ್ತಿದೆ. ಸೊಸೆಯಾಗಿ ಹೊಸ ಮನೆಯ ಶಿಸ್ತಿಗೆ ಒಗ್ಗಿದ ಅನುಭವ ಅವಳದು. ಬ್ಯಾರಕ್ಕು ಎಂದರೇನೆಂಬುದನ್ನು ಆ ಮನೆಯಲ್ಲಿ ಗಂಡಸರಿಗಿಂತ ಅವಳೇ ಚೆನ್ನಾಗಿ ಊಹಿಸಬಲ್ಲವಳಾಗಿದ್ದಳು.

ಸೈನ್ಯ ಸೇರಿದ ಮಗಳನ್ನು ಕಳಿಸಿಕೊಟ್ಟ ಮನೆಗಳಲ್ಲಿ ನಾನು ಈವರೆಗೆ ಮಾಡಿರುವುದು ಎರಡೇ ಧ್ವನಿಮುದ್ರಣ. ಅವುಗಳ ಆಧಾರದಿಂದ ಏನನ್ನೂ ಸಾಧಿಸಲಾಗದು. ಎರಡರಲ್ಲಿಯೂ ಹಾಡಿಲ್ಲ, ಹಾಡಬಹುದಾಗಿದ್ದ ಅಜ್ಜಿಯರು ಟಿ.ವಿ.ಯ ಎದುರು ಸುಮ್ಮನೆ ಕುಳಿತಿದ್ದರೆಂಬ ವಿವರವಷ್ಟೇ ಇದೆ. ಹಾಡು ನಿಂತುಹೋಗುತ್ತಿರುವ ಕಾಲದಲ್ಲಿ ಹೊಸ ಪ್ರಕಾರ ಹುಟ್ಟೀತೆಂದು ನಿರೀಕ್ಷಿಸುವುದೂ ಕಷ್ಟ. ಹುಟ್ಟಿದರೂ ಅದು ಹಾಡಿನ ರೂಪದಲ್ಲಿ ಇರಲಾರದು. ದಿನವೂ ಒಂದೇ ಹೊತ್ತಿಗೆ ಮಾಡುವ ಫೋನಿನ ಕರೆ, ಕರೆ ಬಾರದ ದಿನದ ಊಟ, ಟ್ರಂಕಿನ ಮೇಲೆ ಬಣ್ಣದಿಂದ ಬರೆದ ಹೆಸರು ಇಂಥವುಗಳ ಕಡೆಗೆ ನಮ್ಮ ಗಮನ ಹರಿಯಬೇಕಾಗಿದೆ.

2007ರ ಆ ಕ್ಯಾಸೆಟ್ಟನ್ನು ಈಚೆಗೆ ಡಿಜಿಟಲ್ ರೂಪಕ್ಕೆ ವರ್ಗಾಯಿಸುವಾಗ ಮತ್ತೆ ಪೂರ್ತಿಯಾಗಿ ಕೇಳಿದೆ. ಲಿಪ್ಯಂತರ ಮಾಡುವಾಗ ಹಾಡಿನ ನಡುವೆ ಮೂರು ಕಡೆ ‘ಗದ್ದಲ’ ಎಂದು ಗುರುತು ಹಾಕಿ ಬಿಟ್ಟಿದ್ದೆ. ಗದ್ದಲವಲ್ಲ, ಆ ಮನೆಯ ಯಜಮಾನನ ದನಿ. ಮೊದಲ ಸಲ, “ಬಸ್ಸು ಎಷ್ಟಕ್ಕೈತಿ?” ಎನ್ನುತ್ತಾನೆ. ಮಗ ಉತ್ತರ ಕೊಡುತ್ತಾನೆ. ಹಾಡು ಎರಡು ನುಡಿ ಮುಂದೆ ಹೋದ ಮೇಲೆ, “ಮಾರ್ಕ್ಸ್ ಕಾರ್ಡ್ ಇಟ್ಕೊಂಡೀಯೇನಪಾ?” ಎಂದು ಕೇಳುತ್ತಾನೆ. ಇಟ್ಟುಕೊಂಡಿದ್ದೇನೆ ಎಂದು ಮಗ ಹೇಳುತ್ತಾನೆ. ರೊಟ್ಟಿ ಬಡಿಯುವ ಸದ್ದು, ಹಾಡಿನ ಇನ್ನೊಂದು ನುಡಿ, ಆಮೇಲೆ ಅದೇ ಪ್ರಶ್ನೆ ಅದೇ ಮಾತುಗಳಲ್ಲಿ ಮತ್ತೊಮ್ಮೆ. ಈ ಸಲ ಮಗ ಉತ್ತರ ಕೊಡುವುದಿಲ್ಲ, ತಾಯಿಯೂ ಹಾಡು ನಿಲ್ಲಿಸುವುದಿಲ್ಲ. ಈ ಮೂರು ಮಾತುಗಳನ್ನು ಅವು ಬರುವ ಸ್ಥಳಗಳಲ್ಲಿಯೇ ಸೇರಿಸಿ ಪಾಠವನ್ನು ಹೊಸದಾಗಿ ಸಿದ್ಧಪಡಿಸಿದ್ದೇನೆ. ಅಂಚಿನ ಹಳೆಯ ಟಿಪ್ಪಣಿಯನ್ನು ಹೊಡೆದುಹಾಕಿದ್ದೇನೆ. ವರ್ಗದ ಹೆಸರು ಬರೆಯಬೇಕಾದ ಜಾಗ ಸದ್ಯಕ್ಕೆ ಖಾಲಿ ಇದೆ.